ಮ್ಯಾಂಗೋಸ್ಟೀನ್ ಮರದ ನೆರಳಿನ ಸುಲ್ತಾನ: ವೈಕಂ ಮುಹಮ್ಮದ್ ಬಷೀರ್

ಪ್ರತಿ ವರ್ಷ ಜುಲೈ 5 ಸಮೀಪಿಸಿದಂತೆ ಕೇರಳದಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಒಂದು ಸಣ್ಣ ಗಡಿಬಿಡಿ ಕಾಣಿಸಿಕೊಳ್ಳುತ್ತದೆ. ಶಾಲೆಗೆ ಹೋಗುವ ಮಗನಿಗೆ ಒಂದು ಬಿಳಿಯ ಮುಂಡು, ದಪ್ಪ ಚೌಕಟ್ಟಿನ ಕನ್ನಡಕ, ಅಂಟಿಸಿಕೊಳ್ಳಲು ಒಂದು ಮೀಸೆ ಬೇಕು. ಮಗಳು ಪಾತುಮ್ಮಳ ವೇಷ ಹಾಕಬೇಕು. ನೆರೆಮನೆಯ ಪುಟ್ಟ ಹುಡುಗ ಆಡು ಆಗಬೇಕು. ಅಂದು ಶಾಲೆಗಳಲ್ಲಿ ಬಷೀರ್ ದಿನ. 1994ರ ಆ ದಿನದಂದು ಕಣ್ಮುಚ್ಚಿದ ಒಬ್ಬ ಲೇಖಕನನ್ನು ಮಲಯಾಳಿಗಳು ತಮ್ಮ ಮಕ್ಕಳಿಗೆ ಹೀಗೆ ನಗುನಗುತ್ತಾ ಪರಿಚಯಿಸುತ್ತಾರೆ. ನಮ್ಮ ಮಕ್ಕಳಿಗೂ ಹಾಗೆಯೇ ಪರಿಚಯವಾಗುತ್ತದೆ.

ಆದರೆ ಆ ಆಡಿನ ಕಥೆಯನ್ನು ಬರೆದಾಗ ಬಷೀರ್ ಅವರು ಮಾನಸಿಕ ಅಸ್ವಾಸ್ಥ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದರೆಂಬ ಸಂಗತಿಯನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಅದು ತಿಳಿದೂ ಇಲ್ಲ. ಬಷೀರ್ ಅವರೇ ಅದನ್ನು ಮುಚ್ಚಿಡದೆ ಗ್ರಂಥದ ಮುನ್ನುಡಿಯಲ್ಲಿಯೇ ಬರೆದುಬಿಟ್ಟಿದ್ದಾರೆ. ಅವರು ಮರೆಮಾಚದಿದ್ದುದನ್ನು ನಾವೇಕೆ ಮರೆಮಾಚಬೇಕು ಎಂಬ ಆಲೋಚನೆಯೇ ಈ ಲೇಖನಕ್ಕೆ ಪ್ರೇರಣೆ.

ಬ್ಯಾಂಕಿನ ವರ್ಗಾವಣೆಯಿಂದ ಆಲುವಕ್ಕೆ ಬಂದು ನೆಲೆನಿಂತ ನಮ್ಮಂಥವರಿಗೆ ಬಷೀರ್ ಅವರ ಬದುಕು ಒಂದು ರೀತಿಯಲ್ಲಿ ನೆರೆಹೊರೆಯ ಸಂಗತಿ. ಅವರು ಹುಟ್ಟಿದ ತಲಯೋಲಪರಂಬು, ಪುಸ್ತಕದಂಗಡಿ ನಡೆಸಿದ ಎರ್ನಾಕುಲಂ, ಸೆರೆವಾಸ ಅನುಭವಿಸಿದ ತಿರುವನಂತಪುರ ಇವೆಲ್ಲ ನಮಗೆ ದಕ್ಷಿಣಕ್ಕಿವೆ. ಚಿಕಿತ್ಸೆ ಪಡೆದ ತ್ರಿಶೂರು, ಕೊನೆಯ ದಶಕಗಳನ್ನು ಕಳೆದ ಕೋಳಿಕ್ಕೋಡಿನ ಬೇಪೂರು ಉತ್ತರಕ್ಕಿವೆ. ಎರ್ನಾಕುಲಂನಿಂದ ತ್ರಿಶೂರಿಗೆ ಹೋಗುವ ರೈಲು ಆಲುವದ ಪೆರಿಯಾರ್ ನದಿಯ ಸೇತುವೆಯನ್ನು ದಾಟಿಯೇ ಹೋಗಬೇಕು. ಆ ಸೇತುವೆಯ ಮೇಲೆ ಬಂಡಿಯ ಸದ್ದು ಕೇಳಿದಾಗಲೆಲ್ಲ ಈ ಮನುಷ್ಯನ ಎರಡು ಬದಿಯ ಬದುಕು ನಮಗೆ ನೆನಪಾಗುತ್ತದೆ.

ಬಷೀರ್ ಅವರು 1908ರ ಜನವರಿಯಲ್ಲಿ, ಅಂದಿನ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ವೈಕಂ ಸಮೀಪದ ತಲಯೋಲಪರಂಬಿನಲ್ಲಿ ಜನಿಸಿದರು. ತಂದೆ ಕಾಯಿ ಅಬ್ದುರಹ್ಮಾನ್ ಮರದ ವ್ಯಾಪಾರಿ, ತಾಯಿ ಕುಞ್ಞಾತ್ತುಮ್ಮ. ಆರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಮನೆಯಲ್ಲಿ ಆಗ ಅನುಕೂಲವಿತ್ತು. ಹುಡುಗ ವೈಕಂನ ಶಾಲೆಯಲ್ಲಿ ಓದುತ್ತಿದ್ದಾಗ, 1925ರಲ್ಲಿ, ಅಲ್ಲಿಯ ಸತ್ಯಾಗ್ರಹದ ಸಲುವಾಗಿ ಗಾಂಧೀಜಿಯವರು ಆಗಮಿಸಿದರು. ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯವರೂ ನಡೆದಾಡುವ ಹಕ್ಕಿಗಾಗಿ ನಡೆದ ಹೋರಾಟವದು. ಜನಜಂಗುಳಿಯಲ್ಲಿ ನುಗ್ಗಿ ಗಾಂಧೀಜಿಯವರನ್ನು ಒಮ್ಮೆ ಮುಟ್ಟಿದ ಆ ಹುಡುಗ ಮನೆಗೆ ಓಡಿಬಂದು ತಾಯಿಗೆ ಅದನ್ನು ಹೆಮ್ಮೆಯಿಂದ ಹೇಳಿದನಂತೆ. ಸತ್ಯಾಗ್ರಹದ ಆಶ್ರಮಕ್ಕೆ ಹೋದ ತಪ್ಪಿಗೆ ಶಾಲೆಯಲ್ಲಿ ಬೆತ್ತದ ಏಟು ದೊರೆಯಿತು. ಆ ಏಟು ಅವರನ್ನು ಬೆದರಿಸುವ ಬದಲು ದಾರಿ ತೋರಿಸಿತು.

1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಸೇರಲೆಂದು ಓದನ್ನು ಅರ್ಧಕ್ಕೆ ಬಿಟ್ಟು, ಮನೆಯವರಿಗೂ ಹೇಳದೆ ಕೋಳಿಕ್ಕೋಡಿಗೆ ಹೋದರು. ಬಂಧನವಾಯಿತು, ಕಣ್ಣೂರು ಜೈಲಿನಲ್ಲಿ ಸೆರೆವಾಸವಾಯಿತು. ಗಾಂಧಿ-ಇರ್ವಿನ್ ಒಪ್ಪಂದದ ಬಳಿಕ 1931ರಲ್ಲಿ ಬಿಡುಗಡೆ ಹೊಂದಿದರು. ಅನಂತರ ಭಗತ್ ಸಿಂಗ್ ಮೊದಲಾದವರ ಕಡೆಗೆ ಮನಸ್ಸು ಒಲಿದು, 'ಉಜ್ಜೀವನಂ' ಪತ್ರಿಕೆಯಲ್ಲಿ ತೀವ್ರವಾದ ಬರಹಗಳನ್ನು ಬರೆದರು. ಬಂಧನದ ವಾರಂಟು ಹೊರಟಾಗ ಕೇರಳವನ್ನೇ ತೊರೆದರು. ಮುಂದಿನ ಸುಮಾರು ಏಳು ವರ್ಷ ಅವರದು ಅಲೆಮಾರಿಯ ಬದುಕು. ಭಾರತದ ಉದ್ದಗಲವನ್ನು ಸುತ್ತಿ, ಕಡಲಾಚೆಗೂ ಹೋಗಿ ಬಂದರು. ಅಡುಗೆಯವರಾಗಿ, ಕಾವಲುಗಾರರಾಗಿ, ಹಣ್ಣು ಮಾರುವವರಾಗಿ, ಕೈನೋಡಿ ಭವಿಷ್ಯ ಹೇಳುವವರಾಗಿ ಹೊಟ್ಟೆ ಹೊರೆದರು. ಹಿಂದೂ ಸಂನ್ಯಾಸಿಗಳ ಜೊತೆಯಲ್ಲಿಯೂ ಸೂಫಿ ಸಾಧಕರ ಜೊತೆಯಲ್ಲಿಯೂ ದಿನ ಕಳೆದರು.

ಊರಿಗೆ ಮರಳಿದಾಗ ತಂದೆಯ ವ್ಯಾಪಾರ ಮುಳುಗಿ ಮನೆ ಬಡತನಕ್ಕೆ ಬಿದ್ದಿತ್ತು. ಎರ್ನಾಕುಲಂನಲ್ಲಿ ಆಟದ ಸಾಮಾನುಗಳ ಏಜೆಂಟರಾದರು. ಸೈಕಲ್ಲಿನಿಂದ ಬಿದ್ದು ಗಾಯಗೊಂಡಾಗ ಆ ಉದ್ಯೋಗವೂ ಹೋಯಿತು. ಕೆಲಸ ಕೇಳಿಕೊಂಡು 'ಜಯಕೇಸರಿ' ಪತ್ರಿಕೆಯ ಕಚೇರಿಗೆ ಹೋದರೆ, ಸಂಪಾದಕರು ಕೆಲಸ ಕೊಡಲಿಲ್ಲ. ಕಥೆ ಬರೆದುಕೊಟ್ಟರೆ ಹಣ ಕೊಡುವುದಾಗಿ ಹೇಳಿದರು. ಹೀಗೆ 1937ರಲ್ಲಿ ಅವರ ಮೊದಲ ಕಥೆ ಹೊರಬಂದಿತು. ಅದರ ನಾಯಕಿ ಪರಮ ಸುಂದರಿಯಲ್ಲ, ಗೂನುಬೆನ್ನಿನ ಕಪ್ಪು ಹೆಣ್ಣು. ನಾಯಕ ಒಬ್ಬ ಭಿಕ್ಷುಕ. ಸಮಾಜವು ಯಾರನ್ನು ನೋಡಿಯೂ ನೋಡದಂತೆ ಹೋಗುತ್ತದೆಯೋ ಅವರ ಮೇಲೆ ಬಷೀರ್ ಅವರ ಕಣ್ಣು ಮೊದಲ ದಿನವೇ ನೆಟ್ಟಿತ್ತೆಂಬುದಕ್ಕೆ ಇದೇ ಸಾಕ್ಷಿ.

ರಾಜಕೀಯ ಬರಹಗಳ ಕಾರಣದಿಂದ 1940ರ ದಶಕದ ಆರಂಭದಲ್ಲಿ ಮತ್ತೆ ಸೆರೆಯಾದರು. ಕೊಲ್ಲಂನ ಪೊಲೀಸ್ ಲಾಕಪ್ಪಿನ ಬಳಿಕ ತಿರುವನಂತಪುರದ ಸೆಂಟ್ರಲ್ ಜೈಲು. 'ಪ್ರೇಮಲೇಖನಂ' ಎಂಬ ಕಿರು ಕಾದಂಬರಿಯನ್ನು ಅಲ್ಲಿಯೇ ಬರೆದರು. ಅದು 1943ರಲ್ಲಿ ಪುಸ್ತಕವಾಗಿ ಬಂದಿತು. ಮರುವರ್ಷ ಬಂದ 'ಬಾಲ್ಯಕಾಲಸಖಿ' ಅವರನ್ನು ಮಲಯಾಳ ಸಾಹಿತ್ಯದ ಮುಂಚೂಣಿಗೆ ತಂದಿತು. 1951ರ 'ನನ್ನಜ್ಜನಿಗೊಂದು ಆನೆಯಿತ್ತು' ಎಂಬರ್ಥದ ಹೆಸರಿನ ಕಾದಂಬರಿಯು ಮುಸ್ಲಿಂ ಮನೆಗಳ ಒಳಾಂಗಣದ ಮಾತನ್ನು ಹಾಗೆಯೇ ಸಾಹಿತ್ಯಕ್ಕೆ ತಂದಿತು. ಅಚ್ಚುಕಟ್ಟಾದ ಗ್ರಾಂಥಿಕ ಭಾಷೆಯೇ ಶ್ರೇಷ್ಠವೆಂದು ತಿಳಿದಿದ್ದ ಕಾಲದಲ್ಲಿ ಅದೊಂದು ದಿಟ್ಟತನ. ಶಾಲಾ ವ್ಯಾಕರಣ ಬಲ್ಲ ತಮ್ಮನೇ ಅಣ್ಣನ ವಾಕ್ಯಗಳಲ್ಲಿ ವ್ಯಾಕರಣವೆಲ್ಲಿದೆ ಎಂದು ಕೇಳುತ್ತಿದ್ದುದನ್ನು ಬಷೀರ್ ಅವರು ತಮ್ಮ ಕಥೆಯಲ್ಲಿಯೇ ಹಾಸ್ಯವಾಗಿ ಸೇರಿಸಿಕೊಂಡಿದ್ದಾರೆ.

ಹೆಸರು ಬಂದಿತು, ಹಣ ಬರಲಿಲ್ಲ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಎರ್ನಾಕುಲಂನಲ್ಲಿ 'ಸರ್ಕಲ್ ಬುಕ್ ಹೌಸ್' ಎಂಬ ಅಂಗಡಿಯನ್ನು ತೆರೆದರು. ಅದು ಮುಂದೆ 'ಬಷೀರ್ಸ್ ಬುಕ್ ಸ್ಟಾಲ್' ಆಯಿತು. ಸಾಹಿತಿಗಳು ಬಂದು ಕೂಡುವ ತಾಣವಾಯಿತು. ಬಾಹ್ಯವಾಗಿ ಎಲ್ಲವೂ ಒಂದು ನೆಲೆಗೆ ಬಂದಂತೆ ಕಾಣುತ್ತಿದ್ದ ಇಂತಹ ವರ್ಷಗಳಲ್ಲಿಯೇ ಅವರ ಮನಸ್ಸು ಆಯ ತಪ್ಪಿತು.

ಅವರ ಕಾಯಿಲೆಗೆ ಇಂದಿನ ವೈದ್ಯಶಾಸ್ತ್ರದ ಹೆಸರನ್ನು ಅಂಟಿಸುವ ಅಧಿಕಾರ ನಮಗಿಲ್ಲ. ಅತಿಯಾದ ಸಂಶಯ ಹಾಗೂ ಭೀತಿ ಅವರನ್ನು ಆವರಿಸಿದ್ದುದನ್ನು ಅವರ ಜೀವನ ಚರಿತ್ರೆಗಳು ತಿಳಿಸುತ್ತವೆ. ತ್ರಿಶೂರಿನಲ್ಲಿ ವಲ್ಲಪ್ಪುಳ ವೈದ್ಯರೆಂದು ಪ್ರಸಿದ್ಧರಾಗಿದ್ದವರ ಮಾನಸಿಕ ಚಿಕಿತ್ಸಾಲಯದಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ಕಾಲವನ್ನು ಗಮನಿಸಬೇಕು. ತೀವ್ರ ಮನೋರೋಗವನ್ನು ಹತೋಟಿಗೆ ತರುವ ಕ್ಲೋರ್‌ಪ್ರೊಮಜೈನ್ ಎಂಬ ಮೊದಲ ಔಷಧವು ಫ್ರಾನ್ಸ್ ದೇಶದಲ್ಲಿ ಬಳಕೆಗೆ ಬಂದುದು 1952ರಲ್ಲಿ. ನಮ್ಮ ಬೆಂಗಳೂರಿನಲ್ಲಿ, ಇಂದಿನ ನಿಮ್ಹಾನ್ಸ್ ಸಂಸ್ಥೆಯ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾದುದು 1954ರಲ್ಲಿ. ಅಂದರೆ ಈ ರೋಗಕ್ಕೆ ಔಷಧವೂ ಸಂಸ್ಥೆಯೂ ಆಗಷ್ಟೇ ಕಣ್ಣು ತೆರೆಯುತ್ತಿದ್ದ ದಿನಗಳವು. ಕಾಯಿಲೆ ಬಿದ್ದವನ ಹೆಸರು ಊರಿನವರ ಬಾಯಲ್ಲಿ ಹಾಸ್ಯಕ್ಕೋ ಭಯಕ್ಕೋ ವಸ್ತುವಾಗುತ್ತಿದ್ದ ದಿನಗಳವು.

ಆ 1954ರಲ್ಲಿಯೇ ಬಷೀರ್ ಅವರು 'ಪಾತುಮ್ಮಳ ಆಡು' ಬರೆದರು. ಕಾಯಿಲೆಯ ಕತ್ತಲೆಯಲ್ಲಿರುವವನು ಕತ್ತಲೆಯನ್ನೇ ಬರೆಯುತ್ತಾನೆಂದು ನಾವು ಎಣಿಸುತ್ತೇವೆ. ಆದರೆ ಅದರಲ್ಲಿರುವುದು ತಲಯೋಲಪರಂಬಿನ ತುಂಬಿದ ಮನೆ. ವಿಶ್ರಾಂತಿಗೆಂದು ಊರಿಗೆ ಬಂದ ಅಣ್ಣನ ಸುತ್ತ ತಾಯಿ, ತಮ್ಮಂದಿರು, ಅವರ ಹೆಂಡತಿಯರು, ತಂಗಿಯರು, ಲೆಕ್ಕವಿಲ್ಲದಷ್ಟು ಮಕ್ಕಳು, ಕೋಳಿಗಳು, ಬೆಕ್ಕುಗಳು. ಎಲ್ಲರಿಗೂ ಅಣ್ಣನ ಬಳಿ ಹಣ ಬೇಕು. ತಂಗಿ ಪಾತುಮ್ಮಳ ಆಡು ಎಲ್ಲಿ ಬೇಕಾದರೂ ನುಗ್ಗುತ್ತದೆ, ಏನನ್ನು ಬೇಕಾದರೂ ತಿನ್ನುತ್ತದೆ. ಕೊನೆಗೆ ಲೇಖಕನ ಪುಸ್ತಕಗಳನ್ನೇ ತಿಂದುಹಾಕುತ್ತದೆ. ಹೊದಿಕೆಯ ಮೇಲೂ ಬಾಯಿ ಹಾಕುತ್ತದೆ. ಪಾತುಮ್ಮ ಕಣ್ಣಿಗೆ ಕಣ್ಣಿಟ್ಟು ಕಾಯುವ ಹಾಲನ್ನು ಮನೆಯ ಹೆಂಗಸರು ಗುಟ್ಟಾಗಿ ಕರೆದುಕೊಳ್ಳುತ್ತಾರೆ. ಬಡತನವಿದೆ, ಕಿತ್ತಾಟವಿದೆ, ಆದರೂ ಪುಟಪುಟದಲ್ಲಿಯೂ ನಗೆಯಿದೆ.

ಬಷೀರ್ ಅವರು ತಮ್ಮ ಬರಹವನ್ನು ಮತ್ತೆ ಮತ್ತೆ ತಿದ್ದಿ, ಹೊಸದಾಗಿ ನಕಲು ಮಾಡುವ ಸ್ವಭಾವದವರು. ಇದೊಂದು ಕೃತಿಯನ್ನು ಮಾತ್ರ ತಿದ್ದದೆ, ಬರೆದಂತೆಯೇ ಬಿಟ್ಟರು. 1959ರಲ್ಲಿ ಅದು ಪ್ರಕಟವಾದಾಗ, ಯಾವ ಸ್ಥಿತಿಯಲ್ಲಿ, ಯಾರ ಚಿಕಿತ್ಸೆಯಲ್ಲಿ ಇದ್ದುಕೊಂಡು ಬರೆದದ್ದೆಂಬುದನ್ನು ಮುನ್ನುಡಿಯಲ್ಲಿ ಸಂಕೋಚವಿಲ್ಲದೆ ತಿಳಿಸಿದರು. ಜ್ವರ ಬಂದಿತ್ತು, ಔಷಧ ತೆಗೆದುಕೊಂಡೆ ಎಂದು ಹೇಳುವ ಧಾಟಿಯಲ್ಲಿಯೇ ಅದನ್ನು ಹೇಳಿದರು. ಅನುಕಂಪವನ್ನು ಬೇಡಲಿಲ್ಲ, ತಮ್ಮ ಹುಚ್ಚೇ ತಮ್ಮ ಪ್ರತಿಭೆಯೆಂದು ಮೆರೆಯಲೂ ಇಲ್ಲ.

ಇಲ್ಲಿ ಒಂದು ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಹುಚ್ಚಿಗೂ ಪ್ರತಿಭೆಗೂ ನಂಟು ಕಲ್ಪಿಸುವ ಚಾಳಿ ಲೋಕದಲ್ಲೆಲ್ಲ ಇದೆ. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1889ರ ಮೇ ತಿಂಗಳಿಂದ ಒಂದು ವರ್ಷ ಫ್ರಾನ್ಸಿನ ಸೇಂಟ್ ರೆಮಿಯ ಚಿಕಿತ್ಸಾಲಯದಲ್ಲಿದ್ದು ಸುಮಾರು 150 ಚಿತ್ರಗಳನ್ನು ರಚಿಸಿದುದನ್ನು ಇದಕ್ಕೆ ಉದಾಹರಣೆಯಾಗಿ ಹೇಳುವುದುಂಟು. ಆದರೆ ಕಾಯಿಲೆ ಉಲ್ಬಣಿಸಿದಾಗ ಅವರ ಕೈಯಿಂದ ಕುಂಚ ಜಾರುತ್ತಿತ್ತು. ಮನಸ್ಸು ತಿಳಿಯಾದ ಬಿಡುವಿನಲ್ಲಿಯೇ ಅವರು ಚಿತ್ರಗಳನ್ನು ಬರೆದರು. ರೋಗವು ಕಲೆಯನ್ನು ಕೊಡಲಿಲ್ಲ. ರೋಗದಿಂದ ಉಳಿಸಿಕೊಂಡ ಹೊತ್ತನ್ನು ಅವರು ಕಲೆಗೆ ಕೊಟ್ಟರು. ಬಷೀರ್ ಅವರ ವಿಷಯದಲ್ಲಿಯೂ ಹೀಗೆಯೇ ಎಂಬುದು ನಮ್ಮ ತಿಳಿವಳಿಕೆ. ಅವರ ಬಳಿ ಹೇಳಲು ಕಥೆಗಳು ಕಾಯಿಲೆಗೆ ಮೊದಲೂ ಇದ್ದವು, ಆಮೇಲೂ ಇದ್ದವು. ಚಿಕಿತ್ಸೆಯು ಅವರಿಗೆ ಮನಸ್ಸನ್ನು ಮರಳಿಸಿತು. ಬರವಣಿಗೆಯು ಮರಳಿಬಂದ ಮನಸ್ಸಿಗೆ ಒಂದು ಕೆಲಸವನ್ನೂ ಒಂದು ಮನೆಯನ್ನೂ ಕೊಟ್ಟಿತು.

ಐವತ್ತರ ಹೊಸ್ತಿಲಿನಲ್ಲಿ, 1957ರಲ್ಲಿ, ಅವರ ವಿವಾಹವಾಯಿತು. ಪತ್ನಿ ಫಾತಿಮಾ ಬೀವಿ. ಬಷೀರ್ ಅವರ ಬಾಯಲ್ಲಿ ಮತ್ತು ಓದುಗರ ನೆನಪಿನಲ್ಲಿ ಫಾಬಿ. ಅನೀಸ್ ಮತ್ತು ಶಾಹಿನಾ ಎಂಬ ಇಬ್ಬರು ಮಕ್ಕಳಾದರು. ಕುಟುಂಬವು ಕೋಳಿಕ್ಕೋಡಿನ ಬಳಿಯ ಬೇಪೂರಿನಲ್ಲಿ ನೆಲೆಸಿತು. ಇನ್ನು ಎಲ್ಲವೂ ಸುಗಮವೆಂದುಕೊಳ್ಳುವಷ್ಟರಲ್ಲಿ, 1962ರಲ್ಲಿ, ಕಾಯಿಲೆ ಮರಳಿ ಬಂದಿತು. ಮನೆಯಲ್ಲಿ ಎಳೆಯ ಸಂಸಾರ. ಗಂಡನಿಗೆ ಯಾರನ್ನು ನಂಬಬೇಕು, ಯಾರಿಗೆ ಹೆದರಬೇಕು ಎಂಬುದೇ ತೋಚದ ಸ್ಥಿತಿ. ಇಂತಹ ಮನೆಯೊಳಗಿನ ರಾತ್ರಿಗಳು ಎಷ್ಟು ದೀರ್ಘವೆಂಬುದನ್ನು ಅನುಭವಿಸಿದ ಕುಟುಂಬಗಳು ಮಾತ್ರ ಬಲ್ಲವು. ಚಿಕಿತ್ಸೆ ನಡೆಯಿತು, ಬಷೀರ್ ಅವರು ಮತ್ತೊಮ್ಮೆ ಚೇತರಿಸಿಕೊಂಡರು. ಫಾಬಿಯವರು ಆ ದಾಂಪತ್ಯದ ನೆನಪುಗಳನ್ನು ಮುಂದೆ ಒಂದು ಪುಸ್ತಕವಾಗಿ ಹೊರತಂದರು. ಗಂಡ ತಮ್ಮನ್ನು ಕೂಗುತ್ತಿದ್ದ ಸಲುಗೆಯ ಕರೆಯನ್ನೇ ಅದರ ಹೆಸರಿನಲ್ಲಿ ಇರಿಸಿಕೊಂಡರು. 2015ರಲ್ಲಿ ಅವರೂ ತೀರಿಕೊಂಡರು.

ಎರಡನೆಯ ಸಲದ ಕಾಯಿಲೆಯ ಬಳಿಕ ಏನಾಯಿತೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. 1964ರಲ್ಲಿ 'ಭಾರ್ಗವೀ ನಿಲಯಂ' ಚಲನಚಿತ್ರ ತೆರೆಕಂಡಿತು. ತಮ್ಮದೇ ಹಳೆಯ ಕಥೆಯೊಂದನ್ನು ಆಧರಿಸಿ ಬಷೀರ್ ಅವರೇ ಅದಕ್ಕೆ ಚಿತ್ರಕಥೆ ಬರೆದರು, ಎ. ವಿನ್ಸೆಂಟ್ ನಿರ್ದೇಶಿಸಿದರು, ಎಂ. ಎಸ್. ಬಾಬುರಾಜ್ ಸಂಗೀತ ನೀಡಿದರು. ದೆವ್ವವಿರುವ ಮನೆಯೆಂದು ಎಲ್ಲರೂ ಬಿಟ್ಟೋಡಿದ ಕಟ್ಟಡಕ್ಕೆ ಒಬ್ಬ ಲೇಖಕ ಬಾಡಿಗೆಗೆ ಬಂದು, ಕಾಣದ ಆ ಹೆಣ್ಣಿನ ಜೊತೆ ಮಾತನಾಡುತ್ತಾ, ಗ್ರಾಮಫೋನಿನಲ್ಲಿ ಹಾಡುಗಳನ್ನು ಹಾಕುತ್ತಾ ಸ್ನೇಹ ಬೆಳೆಸುವ ಕಥೆ ಅದು. ಭಯವನ್ನು ಓಡಿಸದೆ, ಅದಕ್ಕೆ ಓಡಿಹೋಗದೆ, ಎದುರಿಗೆ ಕುಳ್ಳಿರಿಸಿಕೊಂಡು ಮಾತನಾಡಿಸುವ ಈ ಬಗೆಯು ಬಷೀರ್ ಅವರಿಗೆ ಹೇಗೆ ಸಿದ್ಧಿಸಿತೆಂಬುದನ್ನು ಅವರ ಬದುಕು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಅದೇ ಕಾಲದಲ್ಲಿ 'ಮದಿಲುಗಳ್', ಅಂದರೆ 'ಗೋಡೆಗಳು', ಹೊರಬಂದಿತು, 1965ರಲ್ಲಿ ಪುಸ್ತಕವಾಯಿತು. ಇಪ್ಪತ್ತು ವರ್ಷಗಳ ಹಿಂದಿನ ತಿರುವನಂತಪುರದ ಜೈಲುವಾಸ ಅದರ ಹಿನ್ನೆಲೆ. ಎತ್ತರದ ಗೋಡೆಯ ಒಂದು ಬದಿಯಲ್ಲಿ ಗುಲಾಬಿ ಬೆಳೆಸುವ ಕೈದಿ ಬಷೀರ್. ಇನ್ನೊಂದು ಬದಿಯಲ್ಲಿ, ಹೆಂಗಸರ ಜೈಲಿನಲ್ಲಿ, ನಾರಾಯಣಿ. ಇಬ್ಬರೂ ಪರಸ್ಪರ ಮುಖ ನೋಡಿಲ್ಲ. ಧ್ವನಿಯಿಂದಲೇ ಅನುರಾಗ ಬೆಳೆಯುತ್ತದೆ. ಭೇಟಿಯ ದಿನ ಗೊತ್ತಾಗುವ ವೇಳೆಗೆ ಬಿಡುಗಡೆಯ ಆಜ್ಞೆ ಬಂದುಬಿಡುತ್ತದೆ. ಸ್ವಾತಂತ್ರ್ಯವೇ ಆ ಕ್ಷಣಕ್ಕೆ ಬೇಡದ ವಸ್ತುವಾಗುತ್ತದೆ. ಅಡೂರ್ ಗೋಪಾಲಕೃಷ್ಣನ್ ಅವರು ಮಮ್ಮೂಟ್ಟಿಯವರನ್ನು ಬಷೀರ್ ಪಾತ್ರದಲ್ಲಿ ನಿಲ್ಲಿಸಿ ಇದನ್ನು ಚಲನಚಿತ್ರವಾಗಿಸಿದರು; 1990ರಲ್ಲಿ ತೆರೆಕಂಡ ಆ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಮನಸ್ಸು ಎರಡು ಬಾರಿ ಮುರಿದು ಕೂಡಿಕೊಂಡ ಮನುಷ್ಯನೊಬ್ಬ ಇಷ್ಟು ಹದವಾದ, ಒಂದು ಮಾತೂ ಹೆಚ್ಚಿಲ್ಲದ ಕಥೆಯನ್ನು ಬರೆದನೆಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಬೇಪೂರಿನ ಮನೆಯಂಗಳದ ಮ್ಯಾಂಗೋಸ್ಟೀನ್ ಮರ ಮಲಯಾಳಿಗಳಿಗೆ ಚಿರಪರಿಚಿತ. ಅದರ ನೆರಳಿನಲ್ಲಿ ಆರಾಮಕುರ್ಚಿ, ಬರಿಮೈಯ ಬಷೀರ್, ಹಾಲಿಲ್ಲದ ಚಹಾ, ಬೀಡಿ, ಪಕ್ಕದಲ್ಲಿ ಹಾಡುವ ಪೆಟ್ಟಿಗೆ. ಕೆ. ಎಲ್. ಸೈಗಲ್ ಮತ್ತು ಪಂಕಜ್ ಮಲ್ಲಿಕ್ ಅವರ ಹಾಡುಗಳೆಂದರೆ ಅವರಿಗೆ ಪ್ರಾಣ. ಹಾಡು ಕೇಳುವುದು ಅವರಿಗೆ ಕಾಲಹರಣವಾಗಿರಲಿಲ್ಲ, ನಿತ್ಯದ ಅನುಷ್ಠಾನವಾಗಿತ್ತು. ದೂರದೂರಿಂದ ಬಂದ ಓದುಗರು, ಬರೆಯುವ ಹುಡುಗರು, ಕಷ್ಟ ಹೇಳಿಕೊಳ್ಳುವವರು ಎಲ್ಲರಿಗೂ ಆ ಮರದಡಿ ಜಾಗವಿತ್ತು. ಜನರು ಅವರನ್ನು 'ಬೇಪೂರ್ ಸುಲ್ತಾನ' ಎಂದು ಕರೆದರು. ಹಾವು, ಬಾವಲಿ, ಇರುವೆ ಮೊದಲಾದ ಸಮಸ್ತ ಜೀವಿಗಳಿಗೂ ತನ್ನ ತೋಟದಲ್ಲಿ ಪಾಲುಂಟೆಂದು ಒಪ್ಪಿಕೊಳ್ಳುವ ಮನುಷ್ಯನ ಕಥೆಯನ್ನು 1977ರಲ್ಲಿ, 'ಭೂಮಿಯ ಹಕ್ಕುದಾರರು' ಎಂಬರ್ಥದ ಹೆಸರಿನಲ್ಲಿ ಪ್ರಕಟಿಸಿದರು. 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಫೆಲೋಶಿಪ್, 1982ರಲ್ಲಿ ಪದ್ಮಶ್ರೀ, 1987ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಅವರನ್ನು ಅರಸಿ ಬಂದವು. ಅವರ ಕೃತಿಗಳು ಆರ್. ಇ. ಆಷರ್ ಅವರಿಂದ ಇಂಗ್ಲಿಷಿಗೆ ಹೋದವು, ಕನ್ನಡಕ್ಕೂ ಬಂದಿವೆ.

ಇಷ್ಟನ್ನೂ ಹೇಳಿದುದು ಒಬ್ಬ ದೊಡ್ಡ ಲೇಖಕನ ಸ್ಮರಣೆಗಾಗಿ ಮಾತ್ರವಲ್ಲ. ಬ್ಯಾಂಕಿನಲ್ಲಿ ಮೂರು ದಶಕ ಕುಳಿತವರು ರಜೆಯ ಅರ್ಜಿಗಳನ್ನು ಬೇಕಾದಷ್ಟು ಕಂಡಿರುತ್ತೇವೆ. ಅವುಗಳಲ್ಲಿ ಜ್ವರವಿರುತ್ತದೆ, ಬೆನ್ನುನೋವಿರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ. ಮನಸ್ಸಿನ ಕಾಯಿಲೆ ಎಂದು ಬರೆದ ಅರ್ಜಿಯನ್ನು ನಾವು ಕಾಣಲಿಲ್ಲ. ಸಂಘದ ಯುಗಾದಿಗೆ, ರಾಜ್ಯೋತ್ಸವಕ್ಕೆ ತಪ್ಪದೆ ಬರುತ್ತಿದ್ದ ಕುಟುಂಬವೊಂದು ಬರುವುದನ್ನು ನಿಲ್ಲಿಸಿದರೆ, ಮಗ ಊರಿಗೆ ಹೋಗಿದ್ದಾನೆ, ಪರೀಕ್ಷೆಗೆ ಓದುತ್ತಿದ್ದಾನೆ ಎಂಬ ಉತ್ತರ ದೊರೆಯುತ್ತದೆ. ನಾವೂ ಮುಂದೆ ಕೇಳುವುದಿಲ್ಲ. ಪರಊರಿನಲ್ಲಿ ಕಷ್ಟಪಟ್ಟು ಗಳಿಸಿದ ಮರ್ಯಾದೆ, ಮಕ್ಕಳ ಮದುವೆ, ನೆಂಟರ ಬಾಯಿ ಇವುಗಳ ಅಂಜಿಕೆಯಿಂದ ಚಿಕಿತ್ಸೆಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ಈ ತಪ್ಪಿನಲ್ಲಿ ನಾವೆಲ್ಲರೂ ಪಾಲುದಾರರೆಂದು ಒಪ್ಪಿಕೊಳ್ಳಲೇಬೇಕು.

ಕಾಲ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂದು, ಚಿಕಿತ್ಸೆ ಪಡೆಯುವುದನ್ನು ಒಂದು ಹಕ್ಕಾಗಿಸಿದೆ. ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ದೊರೆಯಬೇಕೆಂದು ಅದು ವಿಧಿಸುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ, ಕನ್ನಡ, ಮಲಯಾಳಂ ಸೇರಿದಂತೆ ಹಲವು ಭಾಷೆಗಳಲ್ಲಿ ಸಲಹೆ ಪಡೆಯಬಹುದು. ಬಷೀರ್ ಅವರ ಕಾಲದಲ್ಲಿ ಇಲ್ಲದ ಔಷಧಗಳು ಇಂದಿವೆ. ಇಲ್ಲದಿರುವುದು ಅವರ ಮುನ್ನುಡಿಯಲ್ಲಿದ್ದ ಆ ಸರಳತೆ.

ಕಾಯಿಲೆಯಿಂದ ಚೇತರಿಸಿಕೊಂಡವರೆಲ್ಲ ಬಷೀರ್ ಆಗಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತಾದೀತು. ಒಂದು ಹಾಡನ್ನು ಕೇಳಿ ಸಂತೋಷಪಡುವುದು, ಒಂದು ಪುಟ ಬರೆಯುವುದು, ರಂಗೋಲಿ ಹಾಕುವುದು, ಗಿಡವೊಂದಕ್ಕೆ ನೀರೆರೆಯುವುದು ಇವೂ ಬದುಕನ್ನು ಮರಳಿ ಕಟ್ಟುವ ಕೆಲಸಗಳೇ. ಅದಕ್ಕೆ ಬೇಕಾದುದು ಔಷಧ, ತಾಳ್ಮೆ ಮತ್ತು ತುಂಬಿದ ಮನೆ. ಪಾತುಮ್ಮಳ ಮನೆಯಲ್ಲಿ ಅಣ್ಣನನ್ನು ಯಾರೂ ಹೆದರಿಕೆಯಿಂದ ದೂರವಿರಿಸಲಿಲ್ಲ. ಎಂದಿನಂತೆಯೇ ಅವನ ಬಳಿ ಹಣ ಕೇಳಿದರು, ಜಗಳವಾಡಿದರು, ಚಹಾ ಕೊಟ್ಟರು. ಅವನನ್ನು ರೋಗಿಯೆಂದು ಕಾಣದೆ ಅಣ್ಣನೆಂದೇ ಕಂಡರು.

ಮುಂದಿನ ಜುಲೈ 5ರಂದು ಮಕ್ಕಳು ಆಡಿನ ವೇಷ ಕಳಚಿ ಮನೆಗೆ ಬಂದಾಗ, ತಿಂಡಿ ಕೊಡುತ್ತಾ ಈ ಕಥೆಯ ಉಳಿದ ಭಾಗವನ್ನೂ ನಾವು ಅವರಿಗೆ ಹೇಳೋಣ. ಈ ತಾತನಿಗೆ ಒಮ್ಮೆ ಮನಸ್ಸಿಗೆ ಕಾಯಿಲೆಯಾಗಿತ್ತು, ವೈದ್ಯರ ಬಳಿಗೆ ಹೋದರು, ಆಗಲೇ ಈ ನಗೆಯ ಕಥೆಯನ್ನು ಬರೆದರು ಎಂದು ತಿಳಿಸೋಣ. ಮಕ್ಕಳು ಅದನ್ನು ಸಹಜವಾಗಿಯೇ ಸ್ವೀಕರಿಸುತ್ತಾರೆ. ಮುಂದೆಂದಾದರೂ ಅವರ ಸ್ವಂತ ಮನಸ್ಸು ನೊಂದಾಗ, ನಮ್ಮ ಬಳಿ ಬಂದು ಹೇಳಿಕೊಳ್ಳಲು ಅವರಿಗೆ ಅಂಜಿಕೆಯಾಗದಿರಲಿ.